ಹಳೆಯ ಆಟಿಕೆಗೆ ಹೊಸ ಬಣ್ಣ: ಅಳಿಸುವುದು ಯಾರ ಗುರುತನ್ನು?

ಹಳೆಯ ಆಟಿಕೆಗೆ ಹೊಸ ಬಣ್ಣ ಬಳಿಯುವುದೂ ಒಂದು ಬಗೆಯ ವಿಮರ್ಶೆಯೇ ಎಂದರೆ ಕೆಲವರಿಗೆ ನಗು ಬರಬಹುದು. ಆದರೆ ಬ್ರಷ್ ಹಿಡಿಯುವ ಮೊದಲು ಆ ಮನುಷ್ಯ ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡಿರಬೇಕು. ಈ ವಸ್ತುವಿನಲ್ಲಿ ಮುಖ್ಯವಾದದ್ದು ಯಾವುದು? ಇದರ ಮೂಲ ಯಾವುದು? ಇದರ ಮೈಮೇಲೆ ಬಿದ್ದಿರುವ ಗುರುತುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕೆರೆದು ಹಾಕಬೇಕು? ಓಲೆಗರಿಯ ಮುಂದೆ ಕೂತ ಸಂಪಾದಕನ ಪ್ರಶ್ನೆಗಳೂ ಇವೇ. ಕೆಲವು ವರ್ಷಗಳಿಂದ ನಾನು ಅಮೆರಿಕದ ಹಳೆಯ ಆಟಿಕೆ ರೈಲುಗಳನ್ನು, ಅದರಲ್ಲೂ ಎಂಜಿನ್ನು ಬೋಗಿಗಳಿಗಿಂತ ಹೆಚ್ಚಾಗಿ ಹಳಿಯ ಪಕ್ಕದಲ್ಲಿ ನಿಲ್ಲುವ ಸ್ಟೇಷನ್, ಸಿಗ್ನಲ್ ಕಂಬ, ಸೇತುವೆ, ನೀರಿನ ಟ್ಯಾಂಕುಗಳನ್ನು ನೋಡುತ್ತ ಬಂದಿದ್ದೇನೆ. ಅವನ್ನು ದುರಸ್ತಿ ಮಾಡಿ ಹೊಸ ಬಣ್ಣ ಕೊಡುವವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಕೆಲಸದ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯಿದೆ. ನನ್ನ ತಕರಾರು ಅದರ ಜೊತೆಗೆ.

ಅಮೆರಿಕದಲ್ಲಿ ಆಟಿಕೆ ರೈಲು ಎಂದರೆ ಮೊದಲು ಬರುವ ಹೆಸರು ಲಯನೆಲ್. ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕಂಪನಿ. ಅವನ ಮೊದಲ ವಿದ್ಯುತ್ ಗಾಡಿ ಮಕ್ಕಳಿಗೆಂದು ಮಾಡಿದ್ದಲ್ಲ, ಅಂಗಡಿಯ ಗಾಜಿನ ಕಿಟಕಿಯೊಳಗೆ ಓಡಾಡಿ ದಾರಿಹೋಕರನ್ನು ಸೆಳೆಯಲೆಂದು ಮಾಡಿದ್ದು. ಒಳಗೆ ಬಂದವರು ಅಂಗಡಿಯ ಸರಕು ಬಿಟ್ಟು ಆ ಗಾಡಿಯನ್ನೇ ಕೇಳಿದರಂತೆ. ಆದರೆ ಆಟಿಕೆ ರೈಲಿಗೆ ಹುಟ್ಟಿನಿಂದಲೇ ಬಂದ ಒಂದು ಕಷ್ಟವಿದೆ. ಅದಕ್ಕೆ ಹೋಗಲು ಊರಿಲ್ಲ. ಎಷ್ಟೇ ಚೆಂದದ ಗಾಡಿಯಾದರೂ ಹೊರಟಲ್ಲಿಗೇ ಮರಳುತ್ತದೆ. ಆ ಸುತ್ತಾಟಕ್ಕೆ ಅರ್ಥ ಕೊಡುವವು ಪಕ್ಕದಲ್ಲಿ ನಿಂತ ಈ ಸಾಮಾನುಗಳೇ. ಸಂಗೀತ ಕಛೇರಿಯ ಮಾತಿನಲ್ಲಿ ಹೇಳುವುದಾದರೆ ಎಂಜಿನ್ ಹಾಡುಗಾರ, ಇವು ಪಕ್ಕವಾದ್ಯ. ಸ್ಟೇಷನ್ ಇಟ್ಟ ಮೇಲೆಯೇ ಅದು ಪ್ರಯಾಣ, ಕಲ್ಲಿದ್ದಲು ಎತ್ತುವ ಯಂತ್ರ ಇಟ್ಟ ಮೇಲೆಯೇ ಅದು ದುಡಿಮೆ.

ಈ ಪಕ್ಕವಾದ್ಯಗಳಲ್ಲಿ ನನಗೆ ಅತಿ ಪ್ರಿಯವಾದದ್ದು 1935ರಲ್ಲಿ ಬಂದ 45ನೇ ನಂಬರಿನ ಗೇಟ್‌ಮನ್. ಹಸಿರು ತಳ, ಅದರ ಮೇಲೊಂದು ಪುಟ್ಟ ಮನೆ, ಕೆಂಪು ಚಾವಣಿ, ಪಕ್ಕದಲ್ಲಿ ಲೆವೆಲ್ ಕ್ರಾಸಿಂಗಿನ ಕತ್ತರಿ ಪಟ್ಟಿ. ರೈಲು ಹತ್ತಿರ ಬಂದಾಗ ಹಳಿಯಲ್ಲಿ ವಿದ್ಯುತ್ ಸಂಪರ್ಕ ಕೂಡುತ್ತದೆ. ತಳದಲ್ಲಿ ಅಡಗಿರುವ ತಂತಿ ಸುರುಳಿ ಕಬ್ಬಿಣದ ತುಂಡೊಂದನ್ನು ಎಳೆಯುತ್ತದೆ. ಬಾಗಿಲು ತೆರೆದು, ಲಾಂದ್ರ ಹಿಡಿದ ಮನುಷ್ಯ ಸರಕ್ಕನೆ ಹೊರಗೆ ಬರುತ್ತಾನೆ. ರೈಲು ದಾಟಿದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. 1950ರಲ್ಲಿ ಇವನಿಗೆ 145 ಎಂಬ ಹೊಸ ನಂಬರು ಬಂತು, ಮುಂದೆಯೂ ಹಲವು ವರ್ಷ ಮಾರಾಟವಾದ. ಅಳತೆಯ ದೃಷ್ಟಿಯಿಂದ ಇವನದ್ದು ಎಲ್ಲವೂ ತಪ್ಪು. ಪಕ್ಕದಲ್ಲಿ ಹಾದುಹೋಗುವ ಬೋಗಿಯ ಬಾಗಿಲಲ್ಲಿ ಇವನು ತೂರಲಾರ. ಅದಕ್ಕಿಂತ ದೊಡ್ಡ ವಿಚಿತ್ರವೆಂದರೆ ಇವನು ಲಾಂದ್ರ ತೋರಿಸುವುದು ಯಾರಿಗೆ ಎಂಬುದು. ಅಲ್ಲಿ ರಸ್ತೆಯಿಲ್ಲ, ರಸ್ತೆ ದಾಟುವವರಿಲ್ಲ. ನೆಲದ ಮೇಲೆ ಬೋರಲು ಮಲಗಿ ನೋಡುತ್ತಿರುವ ಮಗುವೊಂದೇ ಅವನ ಎದುರಿಗಿರುವುದು. ಅಂದರೆ ಆ ಮಗುವಿಲ್ಲದೆ ಈ ವಸ್ತುವಿನ ಅರ್ಥ ಪೂರ್ತಿಯಾಗುವುದಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ದುರಸ್ತಿಯ ಮೇಜಿಗೆ ಹೋಗೋಣ.

ಯುದ್ಧಕ್ಕೆ ಮೊದಲಿನ ಈ ಸಾಮಾನುಗಳು ಹೆಚ್ಚಾಗಿ ಉಕ್ಕಿನ ತಗಡಿನವು. ಎನಾಮೆಲ್ ಬಣ್ಣ ಹಚ್ಚಿ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಿದವು. ಗೋಡೆ, ಚಾವಣಿ, ಕಿಟಕಿಗಳನ್ನು ಬೇರೆ ಬೇರೆ ಬಣ್ಣ ಕೊಟ್ಟು ಆಮೇಲೆ ಜೋಡಿಸುತ್ತಿದ್ದರು. ಜೋಡಣೆಗೆ ಸಣ್ಣ ಸಣ್ಣ ತಗಡಿನ ನಾಲಿಗೆಗಳು. ಸೀಳಿನೊಳಗೆ ತೂರಿಸಿ ಹಿಂದಿನಿಂದ ಬಗ್ಗಿಸಿದರೆ ಮುಗಿಯಿತು. ಚೆನ್ನಾಗಿ ಬಣ್ಣ ಬಳಿಯಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು, ಬಿಚ್ಚಲು ಈ ನಾಲಿಗೆಗಳನ್ನು ನೆಟ್ಟಗೆ ಮಾಡಬೇಕು. ಕಾರ್ಖಾನೆಯಲ್ಲಿ ಒಮ್ಮೆ ಬಗ್ಗಿದ್ದು ಈಗ ನೆಟ್ಟಗಾಗಿ, ಮತ್ತೆ ಬಗ್ಗಬೇಕು. ತಗಡು ಇಂಥ ಬಾಗುವಿಕೆಯನ್ನು ಕೆಲವೇ ಸಲ ತಾಳುತ್ತದೆ, ಆಮೇಲೆ ಪಟ್ಟನೆ ಮುರಿಯುತ್ತದೆ. ಆದ್ದರಿಂದ ಪ್ರತಿ ದುರಸ್ತಿಯೂ ಮುಂದಿನ ದುರಸ್ತಿಯ ಅವಕಾಶವನ್ನು ಒಂದಿಷ್ಟು ತಿಂದುಹಾಕುತ್ತದೆ. ಬಿಚ್ಚಿದ ಮೇಲೆ ಹಳೆಯ ಬಣ್ಣ ತೆಗೆಯುವುದು. ಉಕ್ಕಿನ ಭಾಗಗಳಿಗೆ ಕಾಸ್ಟಿಕ್ ಸೋಡಾ ನಡೆಯುತ್ತದೆ, ಸತು ಅಥವಾ ಅಲ್ಯೂಮಿನಿಯಂ ಭಾಗವನ್ನು ಅದರಲ್ಲಿ ಮುಳುಗಿಸಿದರೆ ಬಣ್ಣದ ಜೊತೆ ಲೋಹವೂ ಕರಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಒಣ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿ ದೂಳೆಬ್ಬಿಸುವಂತಿಲ್ಲ. ಮುಂದೆ ಪ್ರೈಮರ್, ಅದರ ಮೇಲೆ ಬಣ್ಣ, ಹಿತ್ತಾಳೆಯ ಹೆಸರುಪಟ್ಟಿಗೆ ಹೊಳಪು, ಹೊದಿಕೆ ಪುಡಿಯಾದ ತಂತಿಯ ಜಾಗಕ್ಕೆ ಹೊಸ ತಂತಿ.

ಇಲ್ಲಿಯವರೆಗೆ ಇದು ಕಸುಬು. ಕಸುಬು ವ್ಯಾಖ್ಯಾನವಾಗುವುದು ಯಾವ ಬಣ್ಣ ಎಂದು ಕೇಳಿದಾಗ. 'ಮೂಲ ಬಣ್ಣ' ಎನ್ನುವುದು ಸುಲಭ. ಆದರೆ ಮೂಲ ಒಂದೇ ಇರಲಿಲ್ಲ. ಲಯನೆಲ್ 1928ರಿಂದ 1942ರವರೆಗೆ ಮಾರಿದ 300ನೇ ನಂಬರಿನ ಹೆಲ್ ಗೇಟ್ ಸೇತುವೆಯನ್ನೇ ನೋಡಿ. ನ್ಯೂಯಾರ್ಕಿನ ಈಸ್ಟ್ ರಿವರ್ ಮೇಲೆ 1917ರಲ್ಲಿ ತೆರೆದ, ಗುಸ್ತಾವ್ ಲಿಂಡೆಂಥಾಲ್ ರೂಪಿಸಿದ ಉಕ್ಕಿನ ಕಮಾನು ಸೇತುವೆಯ ಆಟಿಕೆ ರೂಪ ಅದು. ಮೊದಲ ವರ್ಷಗಳಲ್ಲಿ ಕೆನೆಬಣ್ಣದ ಗೋಪುರ, ಹಸಿರು ಕಮಾನು, ಕಿತ್ತಳೆ ಬಣ್ಣದ ತಳ. ಆಮೇಲೆ ಬೆಳ್ಳಿ ಬಣ್ಣದ ಕಮಾನು, ಕೆಂಪು ತಳ. ಎರಡೂ ಮೂಲವೇ. ನಿಜವಾದ ಸೇತುವೆ ಈ ಎರಡರಲ್ಲಿ ಯಾವುದರಂತೆಯೂ ಇರಲಿಲ್ಲ. ಅದಕ್ಕೆ 1996ರಲ್ಲಿ ಗಾಢ ಕೆಂಪು ಬಣ್ಣ ಬಳಿದರು, ಆ ಬಣ್ಣವೂ ಬಹುಬೇಗ ಮಾಸಿತು. ಸ್ಟೇಷನ್ನುಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಒಂದೇ ನಂಬರಿನ ಮನೆಗೆ ವರ್ಷಕ್ಕೊಂದು ಗೋಡೆ, ವರ್ಷಕ್ಕೊಂದು ಚಾವಣಿ. ಸಂಗ್ರಹಕಾರರು ಈ ಬಣ್ಣಗಳಿಗೆ ಹೆಸರಿಟ್ಟು ಒಂದು ನಿಘಂಟನ್ನೇ ಕಟ್ಟಿಕೊಂಡಿದ್ದಾರೆ: ಪೀಕಾಕ್, ಟೆರ್ರಾಕೋಟಾ, ಮೊಹಾವಿ. ಒಂದು ತಿಳಿ ಹಸಿರಿಗೆ 'ಸ್ಟೀಫನ್ ಜಿರಾರ್ಡ್' ಎಂದೇ ಹೆಸರು, ಆ ಹೆಸರು ಹೊತ್ತ ಬೋಗಿಯೊಂದರಿಂದ ಬಂದದ್ದು. ಕನ್ನಡದ ಓದುಗರಿಗೆ ಇದು ಪರಿಚಿತ ಪರಿಸ್ಥಿತಿ. ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರು ಇದನ್ನು ಪಾಠಾಂತರ ಎಂದು ಥಟ್ಟನೆ ಗುರುತಿಸುತ್ತಾರೆ. ಒಂದು ಪ್ರತಿಯ ಗೋಡೆ, ಇನ್ನೊಂದು ಪ್ರತಿಯ ಚಾವಣಿ ಸೇರಿಸಿ ಚೆಂದದ ಸ್ಟೇಷನ್ ಮಾಡಿದರೆ ಅದು ಯಾವ ವರ್ಷವೂ ಯಾವ ಅಂಗಡಿಯಲ್ಲೂ ಇಲ್ಲದಿದ್ದ ಸ್ಟೇಷನ್. ಫ್ರಾನ್ಸಿನ ವಿಯೊಲೆ-ಲ-ದ್ಯುಕ್ 19ನೇ ಶತಮಾನದಲ್ಲಿ ಹಳೆಯ ಚರ್ಚುಗಳನ್ನು ಜೀರ್ಣೋದ್ಧಾರ ಮಾಡಿದ್ದು ಹೀಗೆಯೇ. ಹಿಂದೆಂದೂ ಇರದಿದ್ದ ಪೂರ್ಣತೆಯನ್ನು ಕಟ್ಟಿಕೊಡುವುದನ್ನೇ ಅವನು ಜೀರ್ಣೋದ್ಧಾರ ಎಂದು ಕರೆದ. ಇಂಗ್ಲೆಂಡಿನ ರಸ್ಕಿನ್ ಅದನ್ನೇ ನಾಶ ಎಂದು ಕರೆದ.

ಆಟಿಕೆ ರೈಲಿನ ಲೋಕದಲ್ಲೂ ಈ ಎರಡು ಪಕ್ಷಗಳಿವೆ. ಅಮೆರಿಕದ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಷನ್ 1954ರಲ್ಲಿ ಶುರುವಾಯಿತು. ಡಬ್ಬದಿಂದ ಈಗ ತಾನೇ ತೆಗೆದಂತಿರುವುದರಿಂದ ಹಿಡಿದು ತೀರಾ ಹದಗೆಟ್ಟದ್ದರವರೆಗೆ ದರ್ಜೆಗಳ ಪಟ್ಟಿಯೇ ಆ ವಲಯದಲ್ಲಿ ಬಳಕೆಯಲ್ಲಿದೆ. ಕಾರ್ಖಾನೆಯ ಬಣ್ಣ ಉಳಿದಷ್ಟೂ ದರ್ಜೆ ಮೇಲೆ, ಬೆಲೆಯೂ ಮೇಲೆ. ಹೊಸ ಬಣ್ಣ ಬಳಿದದ್ದನ್ನು ಹಾಗೆಂದು ಹೇಳಿಯೇ ಮಾರಬೇಕೆಂಬುದು ಮರ್ಯಾದೆ. ಒಂದು ಪಕ್ಷ ಹೇಳುತ್ತದೆ: ಮುಟ್ಟಬೇಡಿ, ಕಾರ್ಖಾನೆ ಬಳಿದದ್ದೇ ಸತ್ಯ. ಇನ್ನೊಂದು ಪಕ್ಷ ಹೇಳುತ್ತದೆ: ತುಕ್ಕು ಹಿಡಿದದ್ದನ್ನು ಯಾಕೆ ನೋಡಬೇಕು, ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೆ ಮಾಡೋಣ. ಇಬ್ಬರೂ ದಶಕಗಳಿಂದ ವಾದಿಸುತ್ತಿದ್ದಾರೆ. ಆದರೆ ಇವರಿಬ್ಬರೂ ಒಂದು ವಿಷಯದಲ್ಲಿ ಒಪ್ಪಿಕೊಂಡಿದ್ದಾರೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಇಬ್ಬರ ಪಾಲಿಗೂ ಈ ವಸ್ತುವಿನ ಕರ್ತೃ ಕಾರ್ಖಾನೆ. ಇಬ್ಬರ ಪಾಲಿಗೂ ಇದರ ಒಳ್ಳೆಯ ದಿನವೆಂದರೆ ಮಾರಾಟಕ್ಕೆ ಮೊದಲಿನ ದಿನ, ಅಂದರೆ ಯಾವ ಮಗುವೂ ಇದನ್ನು ಮುಟ್ಟದಿದ್ದ ದಿನ. ಆಟಿಕೆಯ ಚರಿತ್ರೆಯಿಂದ ಆಟವನ್ನು ಹಾನಿ ಎಂದು ಕಳೆದುಬಿಟ್ಟರೆ ಉಳಿಯುವುದೇನು?

ರೋಲಾಂ ಬಾರ್ತ್ ತನ್ನ 'ಮಿಥಾಲಜೀಸ್' (1957) ಪುಸ್ತಕದಲ್ಲಿ ಆಟಿಕೆಗಳ ಬಗ್ಗೆ ಒಂದು ಚಿಕ್ಕ ಪ್ರಬಂಧ ಬರೆದಿದ್ದಾನೆ. ಆಟಿಕೆಗಳು ದೊಡ್ಡವರ ಲೋಕವನ್ನೇ ಚಿಕ್ಕದು ಮಾಡಿ ಮಗುವಿನ ಕೈಗಿಡುತ್ತವೆ, ಹಾಗಾಗಿ ಮಗು ಸೃಷ್ಟಿಸುವವನಾಗದೆ ಬಳಸುವವನಾಗಿ, ಒಡೆಯನಾಗಿ ಬೆಳೆಯುತ್ತದೆ ಎಂಬುದು ಅವನ ದೂರು. ಲಯನೆಲ್‌ನ ಸಾಮಾನುಗಳಿಗೆ ಈ ಮಾತು ಬಹಳ ಮಟ್ಟಿಗೆ ಒಪ್ಪುತ್ತದೆ. 1938ರ 97ನೇ ನಂಬರಿನ ಕಲ್ಲಿದ್ದಲು ಯಂತ್ರದಲ್ಲಿ ಬಕೆಟ್ಟುಗಳ ಸರಪಳಿ ಕಲ್ಲಿದ್ದಲನ್ನು ಮೇಲೆತ್ತಿ ಬೋಗಿಗೆ ಸುರಿಯುತ್ತದೆ. ಮಗುವಿನ ಪಾಲಿಗೆ ಗುಂಡಿ ಒತ್ತುವುದಷ್ಟೇ ಉಳಿದಿದೆ. ದುಡಿಮೆ ಎಲ್ಲ ಬೇರೆಯವರದ್ದು, ಗುಂಡಿ ಮಾತ್ರ ತನ್ನದು. ಒಡೆತನದ ಪಾಠ ಇದಕ್ಕಿಂತ ಸ್ಪಷ್ಟವಾಗಿ ಬೇಕೆ?

ಆದರೆ ಬಾರ್ತ್ ನೋಡಿದ್ದು ಅಂಗಡಿಯ ಆಟಿಕೆಯನ್ನು, ಅಟ್ಟದಿಂದ ಇಳಿಸಿದ ಆಟಿಕೆಯನ್ನಲ್ಲ ಎಂದು ನನಗೆ ಅನಿಸುತ್ತದೆ. ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ ವರ್ಷಕ್ಕೆರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಲ್ಲಿ, ಹಳೆಯ ಆಟಿಕೆ ರೈಲುಗಳ ದೊಡ್ಡ ಸಂತೆ ಸೇರುತ್ತದೆ. ಅಲ್ಲಿ ಒಬ್ಬರ ಮೇಜಿನ ಕೆಳಗೆ, ರಟ್ಟಿನ ಡಬ್ಬದಲ್ಲಿ, ಬಿಡಿಭಾಗಗಳ ನಡುವೆ ಒಂದು ಹೆಲ್ ಗೇಟ್ ಸೇತುವೆ ಬಿದ್ದಿತ್ತು. ಗೋಪುರಗಳಿಗೆ ಮನೆಗೆ ಬಳಿಯುವ ನೀಲಿ ಬಣ್ಣವನ್ನು ದಪ್ಪ ಬ್ರಷ್ಷಿನಿಂದ ಮೆತ್ತಿದ್ದರು. ಒಂದು ಬದಿಗೆ ಪೂರ್ತಿ, ಇನ್ನೊಂದು ಬದಿಗೆ ಅರ್ಧ. ಬ್ರಷ್ಷಿನ ಕೂದಲೊಂದು ಬಣ್ಣದೊಳಗೇ ಒಣಗಿ ಕೂತಿತ್ತು. ಮಾರುವವರು ತಮಾಷೆಯಾಗಿಯೇ ಹೇಳಿದರು, ಯಾವನೋ ಹುಡುಗ ಕೆಡಿಸಿದ್ದಾನೆ, ಕೆರೆದು ಹೊಸ ಬಣ್ಣ ಹಚ್ಚಿದರೆ ಚೆನ್ನಾಗಿ ಬರುತ್ತದೆ ಎಂದು. ಆ ಲೋಕದ ಲೆಕ್ಕದಲ್ಲಿ ಅವರ ಮಾತು ಸರಿ. ಅಲ್ಲಿ ಮಗು ಬಳಿದ ಬಣ್ಣಕ್ಕಿಂತ ಕೆಳಗಿನ ದರ್ಜೆ ಇಲ್ಲ, ಮೊದಲು ಕೆರೆಯುವುದು ಅದನ್ನೇ. ನನಗೆ ಮಾತ್ರ ಆ ಇಡೀ ಸಭಾಂಗಣದಲ್ಲಿ ಬಾರ್ತ್‌ಗೆ ಉತ್ತರ ಕೊಡುತ್ತಿದ್ದ ವಸ್ತು ಅದೊಂದೇ ಅನಿಸಿತು. ಕಾರ್ಖಾನೆ ಕೊಟ್ಟ ಬಣ್ಣ ತನಗೆ ಬೇಡ, ತನ್ನ ಸೇತುವೆ ನೀಲಿ ಎಂದು ಯಾವುದೋ ಮಗು ತೀರ್ಮಾನಿಸಿತ್ತು. ಅರ್ಧಕ್ಕೇ ಬಣ್ಣ ಮುಗಿದಿರಬಹುದು, ಅಮ್ಮ ಕರೆದಿರಬಹುದು, ಬೇಸರ ಬಂದಿರಬಹುದು. ಏನೇ ಇರಲಿ, ಅಲ್ಲಿ ಆ ಮಗು ಬಳಸುವವನಾಗಿ ಉಳಿದಿರಲಿಲ್ಲ.

ಓಲೆಗರಿಯ ಅಂಚಿನಲ್ಲಿ ಓದುಗನೊಬ್ಬ ಬರೆದ ಟಿಪ್ಪಣಿಯನ್ನು ಯಾವ ಸಂಪಾದಕನೂ ಇಂದು ಚಾಕುವಿನಿಂದ ಕೆರೆಯುವುದಿಲ್ಲ. ಅದು ಕವಿಯದ್ದಲ್ಲ ಎಂದು ಗುರುತಿಸುತ್ತಾನೆ, ಬೇರೆಯಾಗಿ ಇಡುತ್ತಾನೆ, ಆದರೆ ಉಳಿಸುತ್ತಾನೆ. ಆ ಕಾವ್ಯವನ್ನು ಯಾರೋ ಓದಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಗೇಟ್‌ಮನ್ನನ ಬಾಗಿಲಿನ ಅಂಚಿನಲ್ಲಿ ಬಣ್ಣ ಸವೆದಿರುವುದು, ತಳದ ಮೂಲೆ ಗೋಡೆಗೆ ತಾಗಿ ಚಕ್ಕೆ ಎದ್ದಿರುವುದು, ಚಾವಣಿಯ ಮೇಲೆ ಮೊಳೆಯಿಂದ ಗೀಚಿದ ಒಂದು ಅಕ್ಷರ, ಇವು ಆ ಆಟಿಕೆಯ ಓದುಗರ ಟಿಪ್ಪಣಿಗಳು.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆ ಬರುತ್ತದೆ. ಎಲ್ಲ ಸವೆತವೂ ಆಟದಿಂದ ಬಂದದ್ದಲ್ಲ. ನೆಲಮಾಳಿಗೆಯ ತೇವ ತಂದ ತುಕ್ಕಿನಲ್ಲಿ ಯಾವ ಮಗುವಿನ ಕೈಯೂ ಇಲ್ಲ. ತುಕ್ಕನ್ನು ಹಾಗೇ ಬಿಟ್ಟರೆ ತಗಡೇ ತೂತಾಗಿ ಟಿಪ್ಪಣಿಯೂ ಉಳಿಯದು, ಕಾವ್ಯವೂ ಉಳಿಯದು. ಓದಲು ಏನೂ ಉಳಿಯದ ಕಡೆ ಹೊಸ ಬಣ್ಣ ಬಳಿಯುವುದಕ್ಕೆ ನನ್ನ ವಿರೋಧವಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಅವರು ಆಡಬೇಕೆಂದರೆ ಸೀಸದ ಬಣ್ಣ ಉದುರುತ್ತಿರುವ ಸಾಮಾನನ್ನು ಕೈಗೆ ಕೊಡುವುದು ತಪ್ಪು, ಅಲ್ಲಿ ವಾದಕ್ಕೇ ಜಾಗವಿಲ್ಲ. ಕೆಲವು ಭಾಗಗಳ ಮೇಲೆ ಬಣ್ಣ ಬಳಿಯುವುದೇ ವ್ಯರ್ಥ. ಸತುವಿನ ಎರಕದಲ್ಲಿ ಸೀಸದಂಥ ಕಲ್ಮಶ ಬೆರೆತಿದ್ದರೆ ವರ್ಷಗಳು ಕಳೆದಂತೆ ಅದು ಒಳಗಿನಿಂದಲೇ ಊದಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಆ ರೋಗಕ್ಕೆ ಮದ್ದಿಲ್ಲ, ಹೊಸ ಎರಕದ ಭಾಗ ಹಾಕುವುದೊಂದೇ ದಾರಿ. ಇನ್ನೊಂದು ಕೊನೆಯಲ್ಲಿ ಕಲ್ಲಚ್ಚಿನ ತಗಡು ಇದೆ. ಇಂಗ್ಲೆಂಡಿನ ಹಾರ್ನ್‌ಬಿ, ಅಮೆರಿಕದ ಐವ್ಸ್, ಮಾರ್ಕ್ಸ್ ಕಂಪನಿಗಳು ಇಟ್ಟಿಗೆ, ಕಿಟಕಿಗಳನ್ನು ತಗಡಿನ ಮೇಲೆ ನೇರವಾಗಿ ಮುದ್ರಿಸುತ್ತಿದ್ದವು. ಅದಕ್ಕೆ ಬಣ್ಣ ಬಳಿಯುವುದೆಂದರೆ ಅಚ್ಚಾದ ಪುಟದ ಮೇಲೆ ಸುಣ್ಣ ಹೊಡೆದಂತೆ. ಒಂದು ಕಿಟಕಿ ಹೋದರೆ ಹೋಯಿತು, ಬರೆದು ತರಲಾಗದು.

ಹಾಗಾದರೆ ನಮ್ಮ ಕಡೆ ಪಟ್ಟದ ಗೊಂಬೆಗಳಿಗೆ ಬಣ್ಣ ಕೊಡಿಸುವುದಿಲ್ಲವೇ, ತೇರಿಗೆ ಬಣ್ಣ ಹಚ್ಚುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೊಡಿಸುತ್ತೇವೆ. ಅಜ್ಜಿಯ ಕಾಲದ ರಾಜ ರಾಣಿಯ ಮುಖ ಮಾಸಿದರೆ ದಸರೆಗೆ ಮೊದಲು ಹೊಸ ಬಣ್ಣ ಬೀಳುತ್ತದೆ. ಅದನ್ನು ಯಾರೂ ಮೂಲಕ್ಕೆ ದ್ರೋಹ ಎನ್ನುವುದಿಲ್ಲ. ಆದರೆ ಅಲ್ಲಿ ಬಳಕೆ ನಿಂತಿಲ್ಲ. ಈ ವರ್ಷವೂ ಗೊಂಬೆ ಕೂರುತ್ತದೆ, ಆರತಿಯಾಗುತ್ತದೆ, ಮಕ್ಕಳು ಬೊಂಬೆ ಬಾಗಿನ ಇಸಿದುಕೊಂಡು ಹೋಗುತ್ತಾರೆ. ಬಣ್ಣ ಆ ನಡೆಯುತ್ತಿರುವ ಬದುಕಿನ ಭಾಗ. ತಗಡಿನ ರೈಲುಗಳ ಕತೆ ಬೇರೆ. ಅವುಗಳ ಆಟ ಎಂದೋ ನಿಂತಿತು. ಅಟ್ಟಕ್ಕೆ ಹೋದವು, ದಶಕಗಳ ನಂತರ ನೆನಪಾಗಿ, ಆಸ್ತಿಯಾಗಿ ಇಳಿದುಬಂದವು. ಅವಕ್ಕೆ ಬಳಿಯುವ ಬಣ್ಣ ಸಾಮಾನ್ಯವಾಗಿ ಮುಂದಿನ ಆಟಕ್ಕಲ್ಲ, ಗಾಜಿನ ಕಪಾಟಿಗೆ. ಹೀಗಾಗಿ ಅದೇ ಕೆಲಸ ಒಂದು ಕಡೆ ಬದುಕನ್ನು ಮುಂದುವರಿಸುತ್ತದೆ, ಇನ್ನೊಂದು ಕಡೆ ಬದುಕಿದ್ದನ್ನು ಅಳಿಸುತ್ತದೆ.

ಇಟಲಿಯ ಚೆಸರೆ ಬ್ರಾಂದಿ 1939ರಲ್ಲಿ ರೋಮ್‌ನಲ್ಲಿ ಶುರುವಾದ ಕಲಾ ಸಂರಕ್ಷಣೆಯ ಸಂಸ್ಥೆಯ ಮೊದಲ ನಿರ್ದೇಶಕ. ಭಿತ್ತಿಚಿತ್ರಗಳಲ್ಲಿ ಬಣ್ಣ ಉದುರಿದ ಕಡೆ ಅಲ್ಲಿನವರು ಒಂದು ಕ್ರಮ ರೂಢಿಸಿದರು. ಆ ಜಾಗವನ್ನು ಸಣ್ಣ ಸಣ್ಣ ನೇರ ಗೆರೆಗಳಿಂದ ತುಂಬುವುದು. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಹೋದರೆ ಇದು ಹಳೆಯದು, ಇದು ನಾವು ಸೇರಿಸಿದ್ದು ಎಂದು ಗೆರೆಗಳೇ ಹೇಳುತ್ತವೆ. ಆಟಿಕೆಯ ಬೆರಳಗಲದ ಬಾಗಿಲಿಗೆ ಗೆರೆ ಎಳೆಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಪ್ರಾಮಾಣಿಕತೆಯನ್ನು ಅಗ್ಗವಾಗಿಯೇ ಪಾಲಿಸಬಹುದು. ತಳದ ಕೆಳಗೆ ಬಣ್ಣ ಬಳಿದವರ ಹೆಸರು, ವರ್ಷ. ಹಳೆಯ ಬಣ್ಣದ ಒಂದು ಚೂರನ್ನು ಒಳಗೋಡೆಯಲ್ಲಿ, ಯಾರಿಗೂ ಕಾಣದ ಕಡೆ, ಮುಟ್ಟದೆ ಬಿಡುವುದು. ಕೆರೆಯುವ ಮೊದಲು ಫೋಟೊ. ನಾನು ನೋಡಿದ ಅತ್ಯುತ್ತಮ ಕೆಲಸಗಳಲ್ಲಿ ಇನ್ನೂ ಒಂದು ಗುಣವಿತ್ತು. ಅವು ಕಾರ್ಖಾನೆಗಿಂತ ಚೆನ್ನಾಗಿ ಕಾಣಲು ಹೋಗಿರಲಿಲ್ಲ. ಕಾರ್ಖಾನೆಯ ಬಣ್ಣ ಅಂಚಿನಲ್ಲಿ ತೆಳುವಾಗಿರುತ್ತದೆ, ಅಲ್ಲಲ್ಲಿ ಇಳಿದಿರುತ್ತದೆ. ದಿನಕ್ಕೆ ನೂರಾರು ಮನೆಗಳಿಗೆ ಬಣ್ಣ ಹೊಡೆದ ಕೈಯ ಅವಸರ ಅದು. ಕಾರಿಗೆ ಹೊಡೆಯುವ ಬಣ್ಣ ಹೊಡೆದು, ಮೇಲೊಂದು ಹೊಳಪಿನ ಪದರ ಕೊಟ್ಟ ಗೇಟ್‌ಮನ್ ಮನೆಯಲ್ಲಿ ಮಗುವಷ್ಟೇ ಅಲ್ಲ, ಆ ಕೆಲಸಗಾರರೂ ಕಾಣೆಯಾಗುತ್ತಾರೆ.

ಅದಕ್ಕಿಂತ ಮುಖ್ಯವಾಗಿ, ಇವು ಚಲಿಸುವ ವಸ್ತುಗಳು. ಗೇಟ್‌ಮನ್ನನ ಮುಖ್ಯ ಪಠ್ಯ ಅವನ ಚಾವಣಿಯ ಕೆಂಪಲ್ಲ, ಅವನು ಹೊರಬರುವುದು. ತಂತಿ ಬದಲಿಸಿ, ಜಂಗು ಹಿಡಿದ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಸುರುಳಿಯೊಳಗಿನ ಕಬ್ಬಿಣದ ತುಂಡನ್ನು ಶುಚಿ ಮಾಡಿ, ಬಣ್ಣಕ್ಕೆ ಕೈ ಹಚ್ಚದೆ ಬಿಟ್ಟ ಒಂದು 45ನೇ ನಂಬರನ್ನು ನೋಡಿದ್ದೇನೆ. ಚಾವಣಿಯಲ್ಲಿ ತಗಡು ಕಾಣುತ್ತಿತ್ತು, ಮನುಷ್ಯನ ನೀಲಿ ಅಂಗಿ ಅರ್ಧ ಹೋಗಿತ್ತು. ರೈಲು ಬಂದಾಗ ಸುರುಳಿ ಗುಂಯ್ ಎಂದಿತು, ಬಾಗಿಲು ತೆರೆಯಿತು. ಪಕ್ಕದ ಮೇಜಿನಲ್ಲಿ ಹೊಸ ಬಣ್ಣದ, ಆದರೆ ಬಾಗಿಲಿಗೆ ದಪ್ಪವಾಗಿ ಕೂತ ಬಣ್ಣದಿಂದಾಗಿ ಬಿಗಿದುಕೊಂಡಿದ್ದ ಇನ್ನೊಬ್ಬ ಗೇಟ್‌ಮನ್ ಒಳಗೇ ಇದ್ದ. ದುರಸ್ತಿ ಎಂದರೇನು ಎಂಬ ಚರ್ಚೆಗೆ ಈ ಎರಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಚರ್ಚೆಗೆ ಈಗ ಅವಸರವೂ ಇದೆ. 1935ರಲ್ಲಿ ಗೇಟ್‌ಮನ್ನನ ಮುಂದೆ ಬೋರಲು ಮಲಗಿದ್ದ ಮಕ್ಕಳಲ್ಲಿ ಇಂದು ಉಳಿದವರು ಬೆರಳೆಣಿಕೆಯಷ್ಟು. ಐವತ್ತರ ದಶಕದಲ್ಲಿ ಆಡಿದವರಿಗೂ ವಯಸ್ಸಾಗಿ, ಅವರ ಸಂಗ್ರಹಗಳು ಕೈ ಬದಲಾಯಿಸುತ್ತಿವೆ. ಮುಂದಿನ ಒಡೆಯರು ಇವುಗಳ ಜೊತೆ ಎಂದೂ ಆಡಿದವರಲ್ಲ. ಅವರಿಗೆ ಕಾರ್ಖಾನೆಯ ಬಗ್ಗೆ ತಿಳಿಯಲು ಕ್ಯಾಟಲಾಗುಗಳಿವೆ, ನಂಬರುಗಳಿವೆ, ಬಣ್ಣದ ಹೆಸರುಗಳ ನಿಘಂಟಿದೆ. ಆದರೆ ಆಡಿದ ಮಕ್ಕಳ ಬಗ್ಗೆ ತಿಳಿಯಲು ಇರುವ ಬರವಣಿಗೆ ಆ ಗೀರುಗಳು, ಆ ಚಕ್ಕೆಗಳು, ಅರ್ಧಕ್ಕೆ ನಿಂತ ಆ ನೀಲಿ ಬಣ್ಣ ಮಾತ್ರ. ಅದಕ್ಕೆ ಎರಡನೆಯ ಪ್ರತಿಯಿಲ್ಲ.